ಗ್ರಂಥವೇ ಗುರು

ನವರಾತ್ರಿಯ ಸರಸ್ವತೀಪೂಜೆಯಂದು ನಮ್ಮಲ್ಲಿ ಅನೇಕ ಮನೆಗಳವರು ಪುಸ್ತಕಗಳನ್ನು ಮಣೆಯ ಮೇಲಿರಿಸಿ ಹೂವೇರಿಸುತ್ತಾರೆ. ಅಂದು ಅವನ್ನು ಓದುವ ರೂಢಿಯಿಲ್ಲ. ಸಿಖ್ಖರ ಗ್ರಂಥಗೌರವವನ್ನು ಅಭ್ಯಸಿಸಿದಾಗ ನನಗೆ ಎದ್ದು ತೋರಿದ ಭೇದವಿದು: ಅವರಲ್ಲಿ ಓದಿಲ್ಲದ ಪೂಜೆಯಿಲ್ಲ. ಆದರೂ ವಿಗ್ರಹಾರಾಧನೆಯನ್ನೊಪ್ಪದ ಮತವೊಂದು ಗ್ರಂಥಕ್ಕೆ ಚಾಮರ ಬೀಸುವುದೇಕೆಂಬ ಪ್ರಶ್ನೆ ಸಹಜವಾಗಿಯೇ ಏಳುತ್ತದೆ.

ಐದನೆಯ ಗುರು ಅರ್ಜನರು ಸಂಕಲಿಸಿ, ಭಾಯಿ ಗುರುದಾಸರಿಂದ ಬರೆಯಿಸಿದ ಆದಿಗ್ರಂಥವು 1604ರಲ್ಲಿ ಅಮೃತಸರದ ಹರಿಮಂದಿರದಲ್ಲಿ ಪ್ರತಿಷ್ಠಿತವಾಯಿತು. ಹತ್ತನೆಯವರಾದ ಗುರು ಗೋವಿಂದಸಿಂಹರು 1708ರಲ್ಲಿ ನಾಂದೇಡದಲ್ಲಿ ದೇಹ ಬಿಡುವ ಮುನ್ನ, ಇನ್ನು ಮುಂದೆ ಗ್ರಂಥವೇ ಗುರುವೆಂದು ವಿಧಿಸಿದರೆಂಬುದು ಸಿಖ್ಖರ ಶ್ರದ್ಧೆ. ಆದ್ದರಿಂದ ಅವರಿಗೆ ಅದು ಪುಸ್ತಕವಲ್ಲ, ಸನ್ನಿಧಿಯಲ್ಲಿರುವ ಗುರು. ಅದರ 1430 ಪುಟಗಳನ್ನೂ ಅವರು ಪುಟಗಳೆನ್ನದೆ ‘ಅಂಗ’ಗಳೆನ್ನುತ್ತಾರೆ.

ಮುಂಜಾನೆ ಗ್ರಂಥವನ್ನು ಮೇಲ್ಕಟ್ಟಿನ ಕೆಳಗಿನ ಪೀಠಕ್ಕೆ ತಂದು ತೆರೆಯುವುದು ‘ಪ್ರಕಾಶ’. ರಾತ್ರಿ ಮುಚ್ಚಿ, ವಸ್ತ್ರ ಹೊದಿಸಿ, ತಲೆಯ ಮೇಲೆ ಹೊತ್ತು ವಿಶ್ರಾಂತಿಸ್ಥಾನಕ್ಕೊಯ್ಯುವುದು ‘ಸುಖಾಸನ’. ಸನ್ನಿಧಿಗೆ ಬರುವವರು ಪಾದರಕ್ಷೆ ಕಳಚಿ, ತಲೆಗೆ ವಸ್ತ್ರ ಧರಿಸಿ, ಗ್ರಂಥಕ್ಕಿಂತ ಕೆಳಗೆ ನೆಲದ ಮೇಲೆ ಕುಳಿತುಕೊಳ್ಳಬೇಕು. ಜೀರ್ಣಗೊಂಡ ಪ್ರತಿಗಳನ್ನು ಎಸೆಯುವುದಿಲ್ಲ, ವಿಧಿಪೂರ್ವಕವಾಗಿ ಅಗ್ನಿಗರ್ಪಿಸುತ್ತಾರೆ.

ಇದು ಪುಸ್ತಕದ ವಿಗ್ರಹಾರಾಧನೆಯೇ? ನಾನು ಹಾಗೆಣಿಸಲಾರೆ. ಗ್ರಂಥವನ್ನು ತೆರೆದೊಡನೆ ಕಣ್ಣಿಗೆ ಬಿದ್ದ ಪದ್ಯವನ್ನು ಓದಿ, ಅದನ್ನು ಆ ದಿನದ ‘ಹುಕುಂ’, ಅಂದರೆ ಗುರುವಿನ ಅಪ್ಪಣೆಯೆಂದು ಭಾವಿಸುತ್ತಾರೆ. ಅಪ್ಪಣೆಯನ್ನು ಕೇಳದೆ ಪೀಠಕ್ಕೆ ಮಾತ್ರ ನಮಸ್ಕರಿಸಿದರೆ ಗುರುವಿಗೆ ಗೌರವ ಸಂದೀತೆ? ಸಲ್ಲಬೇಕಾದ ಗೌರವ ಕಾಗದಕ್ಕಲ್ಲ, ‘ಶಬ್ದ’ಕ್ಕೆ, ಚಾಮರವೂ ವಸ್ತ್ರವೂ ಆ ಶಬ್ದವನ್ನು ಹಗುರವಾಗಿ ಕೇಳಬಾರದೆಂಬ ಎಚ್ಚರಿಕೆಗಳು.

ಆ ಶಬ್ದ ಯಾರದೆಂಬುದೂ ವಿಚಾರಾರ್ಹ. ಗುರುಗಳ ವಾಣಿಯೊಡನೆ ನೇಕಾರ ಕಬೀರ, ಚರ್ಮಕಾರ ರವಿದಾಸ, ಸಿಂಪಿಗ ನಾಮದೇವ, ಮುಸ್ಲಿಂ ಸಂತ ಶೇಖ್ ಫರೀದ ಇವರ ಪದಗಳೂ ಅಲ್ಲಿವೆ. ಗ್ರಂಥಕ್ಕೆ ತಲೆಬಾಗುವ ಸಿರಿವಂತನು ಚಮ್ಮಾರನ ವಾಣಿಗೂ ತಲೆಬಾಗಿದಂತಾಯಿತು. ಅದೇ ನೆಲದ ಮೇಲೆ ಎಲ್ಲ ಜಾತಿಯವರೂ ಒಂದಾಗಿ ಕೂಡುತ್ತಾರೆ. ಸ್ತ್ರೀಯರಿಗೂ ಓದುವ ಅಧಿಕಾರವುಂಟು.

ಇದು ನಮಗೆ ದೂರದ ವಿಷಯವೂ ಅಲ್ಲ. 1699ರಲ್ಲಿ ಆನಂದಪುರದಲ್ಲಿ ಖಾಲ್ಸಾ ಸ್ಥಾಪನೆಯಾದಾಗ ಗುರುವಿನ ಕರೆಗೆ ಓಗೊಟ್ಟು ತಲೆಯೊಪ್ಪಿಸಲು ಮುಂದೆ ಬಂದ ಐವರಲ್ಲಿ ಸಾಹಿಬಸಿಂಹರು ನಮ್ಮ ಬೀದರಿನವರೆಂದೂ, ಕ್ಷೌರಿಕ ಕುಲದವರೆಂದೂ ಪರಂಪರೆ ಹೇಳುತ್ತದೆ.

ಹೀಗೆ, ಗ್ರಂಥವನ್ನು ಎತ್ತರದಲ್ಲಿರಿಸುವುದು ಸುಲಭ. ಅದರ ಮುಂದೆ ಸಮನಾಗಿ ಕುಳಿತು, ಕೇಳಿದ್ದನ್ನು ಆಚರಿಸುವುದು ಕಷ್ಟ. ವಿದ್ಯಾರ್ಥಿಗಳಾದ ನಾವು ಕಲಿಯಬೇಕಾದದ್ದು ಈ ಎರಡನೆಯದನ್ನು.