ಮೊದಲು ಗೇಟಿನ ಹತ್ತಿರ ನಿಂತು ನೋಡು

ನೋಡಮ್ಮ, ಕಾರ್ಖಾನೆಯ ಫೋನು, ಕಂಪ್ಯೂಟರ್, ಸರ್ವರ್ ಎಲ್ಲದರ ಉಸ್ತುವಾರಿಯನ್ನು ನಿನಗೆ ವಹಿಸಿದ್ದೇನೆ ಅಂತ ನಿಮ್ಮಪ್ಪ ಹೇಳಿದಾಗ ನನಗೆ ಬಹಳ ಸಂತೋಷವಾಯಿತು. ಪೀಣ್ಯದಲ್ಲಿ ನಾನು ಕಂಡ ಎಷ್ಟೋ ಸಣ್ಣ ಕಾರ್ಖಾನೆಗಳಲ್ಲಿ ಈ ಕೆಲಸ ಯಾರ ತಲೆಯ ಮೇಲೂ ಇರುವುದಿಲ್ಲ. ಟ್ಯಾಲಿಯನ್ನು ಅಕೌಂಟ್ಸ್‌ನವರು ನೋಡಿಕೊಳ್ಳುತ್ತಾರೆ, ಯುಪಿಎಸ್ ಎಲೆಕ್ಟ್ರಿಷಿಯನ್‌ಗೆ ಸೇರಿದ್ದು, ಫೋನು ರಿಸೆಪ್ಷನ್‌ನವರದ್ದು, ಮಿಕ್ಕಿದ್ದಕ್ಕೆಲ್ಲ ತಿಂಗಳಿಗೊಮ್ಮೆ ಬಂದು ಹೋಗುವ, ವಾರ್ಷಿಕ ನಿರ್ವಹಣೆ ಗುತ್ತಿಗೆಯ (ಎಎಂಸಿ) ಹುಡುಗ. ಒಬ್ಬರ ಕೆಲಸ ಮುಗಿದು ಇನ್ನೊಬ್ಬರದ್ದು ಶುರುವಾಗುವ ಸಂದಿಯಲ್ಲೇ ತೊಂದರೆ ಹುಟ್ಟುವುದು. ಆ ಸಂದಿಗಳನ್ನು ಕಾಯುವುದಕ್ಕೇ ನಿನ್ನನ್ನು ಕೂರಿಸಿದ್ದಾರೆ ಅಂದುಕೋ.

ಮೊದಲ ವಾರ ಸರ್ವರ್ ಮುಂದೆ ಕೂರಬೇಡ. ಸಂಜೆ ನಾಲ್ಕು ಗಂಟೆಗೆ ಗೇಟಿನ ಹತ್ತಿರ ಹೋಗಿ ನಿಲ್ಲು. ಲೋಡ್ ಆದ ಗಾಡಿ ಹೊರಡುವುದಕ್ಕೆ ಏನೇನು ಬೇಕು ಅಂತ ಒಂದೊಂದಾಗಿ ಬರೆದುಕೋ. ಇನ್‌ವಾಯ್ಸ್ ಬೇಕು. ವರ್ಷದ ವಹಿವಾಟು 5 ಕೋಟಿ ದಾಟಿದವರು 2023ರ ಆಗಸ್ಟ್ 1ರಿಂದ ಜಿಎಸ್‌ಟಿ ಇರುವ ಗಿರಾಕಿಗೆ ಇ-ಇನ್‌ವಾಯ್ಸ್ ಮಾಡಲೇಬೇಕು. ಪೋರ್ಟಲ್‌ನಿಂದ ಇನ್‌ವಾಯ್ಸ್‌ನ ಐಆರ್‌ಎನ್ ನಂಬರ್ ಬರಬೇಕು, ಕ್ಯುಆರ್ ಕೋಡ್ ಬರಬೇಕು. ಸರಕಿನ ಬೆಲೆ 50,000 ರೂಪಾಯಿ ಮೀರಿದರೆ ಇ-ವೇ ಬಿಲ್ ಬೇಕು. ಅಂದರೆ ಕರೆಂಟ್ ಇರಬೇಕು, ಇಂಟರ್ನೆಟ್ ಇರಬೇಕು, ಟ್ಯಾಲಿ ಇರುವ ಸಿಸ್ಟಮ್ ಏಳಬೇಕು, ಪ್ರಿಂಟರ್ ಓಡಬೇಕು, ಪಾಸ್‌ವರ್ಡ್ ಗೊತ್ತಿರುವವರು ಸೀಟಿನಲ್ಲಿರಬೇಕು, ಒಟಿಪಿ ಬರುವ ಮೊಬೈಲು ಕೈಗೆ ಸಿಗಬೇಕು. ಈ ಪಟ್ಟಿಯಲ್ಲಿ ಯಾವುದಕ್ಕೆ ಬದಲಿ ಇಲ್ಲವೋ ಅದರ ಮುಂದೆ ಕೆಂಪು ಶಾಯಿಯಲ್ಲಿ ಗುರುತು ಹಾಕು. ನಿನ್ನ ಮೊದಲ ವರ್ಷದ ಕೆಲಸವೆಲ್ಲ ಆ ಕೆಂಪು ಗುರುತುಗಳಲ್ಲೇ ಇದೆ.

ಒಟಿಪಿಯಿಂದಲೇ ಶುರು ಮಾಡು. 2025ರ ಏಪ್ರಿಲ್ 1ರಿಂದ ಇ-ಇನ್‌ವಾಯ್ಸ್ ಮತ್ತು ಇ-ವೇ ಬಿಲ್ ಪೋರ್ಟಲ್‌ಗಳಲ್ಲಿ ಎಲ್ಲರಿಗೂ ಪಾಸ್‌ವರ್ಡ್ ಜೊತೆಗೆ ಒಟಿಪಿಯೂ ಕಡ್ಡಾಯವಾಗಿದೆ. ನನಗೆ ಗೊತ್ತಿರುವ ಒಂದು ಯೂನಿಟ್‌ನಲ್ಲಿ ನೋಂದಾಯಿಸಿದ್ದ ನಂಬರ್ ಕೆಲಸ ಬಿಟ್ಟುಹೋದ ಗುಮಾಸ್ತನದ್ದು. ಆತ ಒಳ್ಳೆಯವನು, ಫೋನು ಎತ್ತುತ್ತಿದ್ದ, ಒಟಿಪಿ ಹೇಳುತ್ತಿದ್ದ. ಒಂದು ದಿನ ಊರಿನ ಜಾತ್ರೆಗೆ ಹೋದ, ಅಲ್ಲಿ ಸಿಗ್ನಲ್ ಇರಲಿಲ್ಲ. ಸಿದ್ಧವಾದ ಮಾಲು ಹೊತ್ತ ಗಾಡಿ ರಾತ್ರಿಯವರೆಗೆ ಅಂಗಳದಲ್ಲೇ ನಿಂತಿತ್ತು. ಇದಕ್ಕೆ ಪೋರ್ಟಲ್‌ನಲ್ಲೇ ದಾರಿ ಇದೆ. ಮುಖ್ಯ ಲಾಗಿನ್‌ನಿಂದ ಡಿಸ್ಪ್ಯಾಚ್‌ನವರಿಗೆ, ಅಕೌಂಟ್ಸ್‌ನವರಿಗೆ ಬೇರೆ ಬೇರೆ ಸಬ್ ಯೂಸರ್ ಮಾಡಿಕೊಡು, ಒಬ್ಬೊಬ್ಬರಿಗೂ ಅವರದೇ ನಂಬರ್ ಜೋಡಿಸು. ಒಬ್ಬರು ರಜೆ ಹಾಕಿದರೆ ಇನ್ನೊಬ್ಬರು ಬಿಲ್ ಎತ್ತುತ್ತಾರೆ, ಯಾರು ಯಾವ ಬಿಲ್ ಮಾಡಿದರು ಅನ್ನುವುದೂ ತಿಳಿಯುತ್ತದೆ.

ಆ ನಂಬರುಗಳು ಕಂಪನಿಯ ಹೆಸರಿನಲ್ಲಿರಲಿ. ಸಿಮ್ ಯಾರ ಹೆಸರಿನಲ್ಲಿದೆಯೋ ನಂಬರ್ ಅವರದ್ದು. ಹತ್ತು ವರ್ಷ ಪರ್ಚೇಸ್ ನೋಡಿದವರು ಬಿಟ್ಟು ಹೋಗುವಾಗ ಸ್ವಂತ ಸಿಮ್ ಆಗಿದ್ದರೆ ಸಪ್ಲೈಯರ್‌ಗಳ ಪರಿಚಯ, ವಾಟ್ಸಾಪ್‌ನಲ್ಲಿ ಬಂದ ಡ್ರಾಯಿಂಗು, ರೇಟಿನ ಮಾತುಕತೆ ಎಲ್ಲ ಜೊತೆಗೇ ಹೋಗುತ್ತದೆ. ಅವರದ್ದು ತಪ್ಪಲ್ಲ, ನಾವು ಕೊಡಬೇಕಾದ್ದನ್ನು ಕೊಟ್ಟಿರಲಿಲ್ಲ. ಇನ್ನೊಂದು ಮಾತು. ಬಳಸುತ್ತಿಲ್ಲ ಅಂತ ಸಿಮ್ ಒಂದನ್ನು ನಿಲ್ಲಿಸುವ ಮೊದಲು ಬ್ಯಾಂಕ್, ಜಿಎಸ್‌ಟಿ, ಪಿಎಫ್, ಇಎಸ್‌ಐ, ಬೆಸ್ಕಾಂ ಎಲ್ಲ ಕಡೆಯಿಂದ ಆ ನಂಬರ್ ತೆಗೆಸು. ನಿಲ್ಲಿಸಿದ ನಂಬರನ್ನು ಟೆಲಿಕಾಂ ಕಂಪನಿಗಳು 90 ದಿನ ಕಳೆದ ಮೇಲೆ ಬೇರೆಯವರಿಗೆ ಕೊಡಬಹುದು. ನಿಮ್ಮ ಒಟಿಪಿ ಗುರುತಿಲ್ಲದವರ ಜೇಬಿನಲ್ಲಿ ಟಣ್ ಅನ್ನಬಾರದು.

ವೆಬ್‌ಸೈಟಿನ ಹೆಸರೂ ಹೀಗೆಯೇ. ಅದನ್ನು ಮಾಡಿಕೊಟ್ಟ ಹುಡುಗ ತನ್ನ ಇಮೇಲ್ ಹಾಕಿ ಡೊಮೇನ್ ತೆಗೆದುಕೊಂಡಿರುತ್ತಾನೆ. ಅವಧಿ ಮುಗಿದ ದಿನ ವೆಬ್‌ಸೈಟ್ ಹೋದರೆ ಹೋಗಲಿ, ಅದೇ ಹೆಸರಿನ ಇಮೇಲ್‌ಗಳೂ ನಿಲ್ಲುತ್ತವೆ, ಆರ್ಡರ್ ಬರುವುದು ಅಲ್ಲಿಗೇ. ಇವತ್ತೇ ಅವನಿಗೆ ಫೋನ್ ಮಾಡಿ ಡೊಮೇನನ್ನು ಕಂಪನಿಯ ಹೆಸರಿಗೆ ಬದಲಾಯಿಸಿಕೋ.

ಈಗ ಲ್ಯಾಂಡ್‌ಲೈನ್. ಮೊದಲು ತಾಮ್ರದ ತಂತಿ ಇದ್ದಾಗ ಫೋನಿಗೆ ಬೇಕಾದ 48 ವೋಲ್ಟ್ ಎಕ್ಸ್‌ಚೇಂಜ್‌ನಿಂದಲೇ ಬರುತ್ತಿತ್ತು. ಇಡೀ ಏರಿಯಾದಲ್ಲಿ ಕರೆಂಟ್ ಹೋದರೂ ರಿಸೀವರ್ ಎತ್ತಿದರೆ ಡಯಲ್ ಟೋನ್ ಇರುತ್ತಿತ್ತು. ಈಗಿನ ಫೈಬರ್ ಗಾಜಿನ ಎಳೆ, ಅದರಲ್ಲಿ ಕರೆಂಟ್ ಹರಿಯುವುದಿಲ್ಲ. ಗೋಡೆಯ ಮೇಲಿನ ಫೈಬರ್‌ನ ಬಿಳಿ ಡಬ್ಬಿ ಆರಿತೋ, ಇಂಟರ್ನೆಟ್ ಜೊತೆ ಫೋನೂ ಹೋಯಿತು. ಹಲವರು ಸರ್ವರ್‌ಗೆ ಯುಪಿಎಸ್ ಕೊಟ್ಟಿರುತ್ತಾರೆ, ಆ ಡಬ್ಬಿಯನ್ನು ಮಾತ್ರ ರಿಸೆಪ್ಷನ್‌ನ ಮಾಮೂಲಿ ಪ್ಲಗ್‌ಗೆ ಸಿಕ್ಕಿಸಿರುತ್ತಾರೆ. ಡಬ್ಬಿ, ನೆಟ್‌ವರ್ಕ್ ಸ್ವಿಚ್, ಒಳಗಿನ ಫೋನುಗಳನ್ನು ಜೋಡಿಸುವ ಇಪಿಎಬಿಎಕ್ಸ್ ಮೂರನ್ನೂ ಯುಪಿಎಸ್‌ಗೆ ಸೇರಿಸು. ಲೇಸರ್ ಪ್ರಿಂಟರನ್ನು ಮಾತ್ರ ಅದರಿಂದ ತೆಗೆದುಬಿಡು. ಅದು ಬಿಸಿಯಾಗುವಾಗ ಒಮ್ಮೆಲೇ ಎಳೆಯುವ ಕರೆಂಟಿಗೆ ಸಣ್ಣ ಯುಪಿಎಸ್ ಮುಗ್ಗರಿಸುತ್ತದೆ.

ರಾತ್ರಿ ಪಾಳಿಯ ಬಗ್ಗೆ ಯೋಚಿಸು. ಆಫೀಸಿಗೆ ಬೀಗ ಬಿದ್ದಿರುತ್ತದೆ, ಶಾಪ್ ಫ್ಲೋರ್‌ನಲ್ಲಿ ಆರೇಳು ಜನ ಇರುತ್ತಾರೆ. ಯಾರದ್ದಾದರೂ ಕೈಗೆ ಪೆಟ್ಟಾದರೆ 108ಕ್ಕೆ ಕರೆ ಮಾಡಲು ಒಂದು ಫೋನು ಅಲ್ಲೇ, ಪ್ರೆಸ್ ಮಷಿನ್‌ನಿಂದ ನಾಲ್ಕು ಹೆಜ್ಜೆಯೊಳಗೆ ಇರಬೇಕು. ಪಕ್ಕದಲ್ಲಿ ಕಾರ್ಖಾನೆಯ ಪೂರ್ತಿ ವಿಳಾಸ, ಹತ್ತಿರದ ಗುರುತು, ಹತ್ತಿರದ ಇಎಸ್‌ಐ ಆಸ್ಪತ್ರೆಯ ನಂಬರ್ ದೊಡ್ಡ ಅಕ್ಷರದಲ್ಲಿ ಕನ್ನಡದಲ್ಲೂ ಹಿಂದಿಯಲ್ಲೂ ಬರೆದು ಅಂಟಿಸು. ಹೊರರಾಜ್ಯದಿಂದ ಬಂದ ಆಪರೇಟರ್‌ಗೆ ಗಾಬರಿಯಲ್ಲಿ ಕ್ರಾಸ್ ನಂಬರ್ ನೆನಪಾಗುವುದಿಲ್ಲ. ಈ ಫೋನು ಕೆಲಸ ಮಾಡುತ್ತಿದೆಯೇ ಅಂತ ಪ್ರತಿ ಸೋಮವಾರ ನೀನೇ ಎತ್ತಿ ನೋಡು, ಬೇರೆಯವರಿಗೆ ಬಿಡಬೇಡ.

ಇಪಿಎಬಿಎಕ್ಸ್‌ಗೆ ಹಾಕಿಸಿದ ದಿನದ ಪಾಸ್‌ವರ್ಡೇ ಇದ್ದರೆ ಬದಲಾಯಿಸು. ಇಂಟರ್ನೆಟ್‌ಗೆ ಜೋಡಿಸಿದ ಐಪಿ ಮಾದರಿಯದ್ದಾದರಂತೂ ಮೊದಲು ಆ ಕೆಲಸ ಮಾಡು. ಹೊರಗಿನವರು ಒಳನುಗ್ಗಿ ಶನಿವಾರ ರಾತ್ರಿಯಿಂದ ಸೋಮವಾರ ಬೆಳಗಿನೊಳಗೆ ನಿಮ್ಮ ಲೈನಿನಿಂದ ವಿದೇಶಕ್ಕೆ ಕರೆ ಹರಿಸುತ್ತಾರೆ, ಬಿಲ್ ಬಂದಾಗಲೇ ತಿಳಿಯುವುದು. ಐಎಸ್‌ಡಿ ಬೇಡದಿದ್ದರೆ ಟೆಲಿಕಾಂ ಕಂಪನಿಯ ಕಡೆಯಿಂದಲೇ ತೆಗೆಸಿಬಿಡು.

ಸರ್ವರ್ ಇಡುವ ಜಾಗ ನೋಡಿದ್ದೀಯಾ? ಗ್ರೈಂಡಿಂಗ್ ಮಷಿನ್ ಇರುವ ಗೋಡೆಯ ಆಚೆ ಇದ್ದರೆ ಮೊದಲು ಅಲ್ಲಿಂದ ಎತ್ತಿಸು. ಎರಕದ ಕಬ್ಬಿಣದ ಪುಡಿ ಕಣ್ಣಿಗೆ ಬರೀ ಧೂಳಿನಂತೆ ಕಾಣುತ್ತದೆ, ಆದರೆ ಅದರಲ್ಲಿ ಕರೆಂಟ್ ಹರಿಯುತ್ತದೆ. ಕೂಲೆಂಟ್ ಆವಿ, ಎಣ್ಣೆ ಹನಿ ಫ್ಯಾನಿನ ರೆಕ್ಕೆಗೆ ಮೆತ್ತಿಕೊಳ್ಳುತ್ತವೆ, ಪುಡಿ ಅದಕ್ಕೆ ಅಂಟುತ್ತದೆ. ಶೀಟ್ ಛಾವಣಿಯ ಕೆಳಗೆ ಏಪ್ರಿಲ್ ಮಧ್ಯಾಹ್ನದ ಕಾವು ಬೇರೆ. ಯುಪಿಎಸ್ ಬ್ಯಾಟರಿಗೆ ಸುಮಾರು 25 ಡಿಗ್ರಿ ಹಿತ. ಅದರ ಮೇಲೆ 10 ಡಿಗ್ರಿ ಏರಿದರೆ ಆಯಸ್ಸು ಹೆಚ್ಚುಕಡಿಮೆ ಅರ್ಧಕ್ಕೆ ಇಳಿಯುತ್ತದೆ. ಬ್ಯಾಟರಿಯ ಪಕ್ಕೆ ಉಬ್ಬಿದ್ದರೆ ಕಾಯಬೇಡ. ಎರಡು ಶೆಡ್‌ಗಳ ನಡುವೆ ನೆಟ್‌ವರ್ಕ್ ಕೇಬಲ್ ಹಾಯಿಸಿದ್ದರೆ ಅಲ್ಲಿ ತಾಮ್ರ ತೆಗೆದು ಫೈಬರ್ ಹಾಕಿಸು. ತಾಮ್ರ ನೂರು ಮೀಟರ್ ದಾಟಬಾರದು ಅನ್ನುವುದು ಒಂದು ಕಾರಣ, ಏಪ್ರಿಲ್ ಮೇ ತಿಂಗಳ ಸಿಡಿಲು ಇನ್ನೂ ದೊಡ್ಡ ಕಾರಣ. ಹತ್ತಿರ ಸಿಡಿಲು ಬಡಿದರೆ ತಾಮ್ರದ ಗುಂಟ ನುಗ್ಗಿ ಎರಡೂ ತುದಿಯ ಸ್ವಿಚ್ ಸುಡುತ್ತದೆ, ಗಾಜಿನಲ್ಲಿ ಅದು ಬರುವುದಿಲ್ಲ.

ಬ್ಯಾಕಪ್ ವಿಷಯಕ್ಕೆ ಬರೋಣ. ನಿನಗೆ ಹೇಳಬೇಕೆಂದು ಬಹಳ ದಿನದಿಂದ ಮನಸ್ಸಿನಲ್ಲಿದ್ದದ್ದು ಇದೇ. ಸರ್ವರ್‌ನಲ್ಲಿ ಎರಡು ಡಿಸ್ಕ್ ಇದೆ, ರೇಡ್ (RAID) ಇದೆ, ಅದೇ ಬ್ಯಾಕಪ್ ಅಂತ ಯಾರಾದರೂ ಹೇಳಿದರೆ ನಂಬಬೇಡ. ಅದು ಬಿಲ್ ಬುಕ್ಕಿನ ಕಾರ್ಬನ್ ಕಾಪಿ ಇದ್ದಂತೆ, ಮೇಲೆ ತಪ್ಪು ಬರೆದರೆ ಕೆಳಗೂ ತಪ್ಪೇ ಮೂಡುತ್ತದೆ. ಯಾರೋ ಫೋಲ್ಡರ್ ಅಳಿಸಿದರೆ ಎರಡೂ ಡಿಸ್ಕ್‌ನಲ್ಲಿ ಅಳಿಯಿತು. ಬೇಕಾದ್ದು ಮೂರು ಪ್ರತಿ: ಒಂದು ಸರ್ವರ್‌ನಲ್ಲಿ, ಒಂದು ಹೊರಗಿನ ಡಿಸ್ಕ್‌ನಲ್ಲಿ, ಒಂದು ಕಾರ್ಖಾನೆಯ ಆಚೆ. ಹೊರಗಿನ ಡಿಸ್ಕ್ ಬ್ಯಾಕಪ್ ಮುಗಿದ ಕೂಡಲೇ ಕಳಚಿ ಬೀರುವಿಗೆ ಹೋಗಬೇಕು. ಸದಾ ಸಿಕ್ಕಿಸಿಯೇ ಇಟ್ಟರೆ, ಫೈಲಿಗೆ ಬೀಗ ಹಾಕಿ ಹಣ ಕೇಳುವ ವೈರಸ್ ಬಂದಾಗ ಅದಕ್ಕೂ ಬೀಗ ಬೀಳುತ್ತದೆ. ನಿಮ್ಮದು ಪ್ರೈವೇಟ್ ಲಿಮಿಟೆಡ್ ಆಗಿರುವುದರಿಂದ, ಕಂಪ್ಯೂಟರ್‌ನಲ್ಲಿಟ್ಟ ಲೆಕ್ಕಪುಸ್ತಕಗಳ ಬ್ಯಾಕಪ್ಪನ್ನು ಭಾರತದೊಳಗಿನ ಸರ್ವರ್‌ನಲ್ಲಿ ದಿನವೂ ಇಡಬೇಕು ಅನ್ನುವುದು 2022ರ ಆಗಸ್ಟ್‌ನಿಂದ ಕಂಪನಿ ನಿಯಮವೇ ಆಗಿದೆ. ಜಿಎಸ್‌ಟಿ ದಾಖಲೆಗಳನ್ನು ವಾರ್ಷಿಕ ರಿಟರ್ನ್‌ನ ಗಡುವಿನಿಂದ 72 ತಿಂಗಳು ಕಾಪಾಡಬೇಕು. ಆಡಿಟರ್ ಹತ್ತಿರ ಇದೆ ಅನ್ನುವ ಉತ್ತರ ಸಾಲದು.

ಬ್ಯಾಕಪ್ ತೆಗೆದರೆ ಅರ್ಧ ಕೆಲಸವಾಯಿತು, ಅಷ್ಟೇ. ಅದು ವಾಪಸ್ ತೆರೆಯುತ್ತದೆಯೇ? ತಿಂಗಳಿಗೊಮ್ಮೆ ಹಳೆಯ ಲ್ಯಾಪ್‌ಟಾಪ್ ಒಂದರಲ್ಲಿ ನಿನ್ನೆಯ ಟ್ಯಾಲಿ ಬ್ಯಾಕಪ್ ರಿಸ್ಟೋರ್ ಮಾಡು, ನಿನ್ನೆಯ ಕೊನೆಯ ಇನ್‌ವಾಯ್ಸ್ ನಂಬರನ್ನು ಫೈಲಿನಲ್ಲಿರುವ ಕಾಗದದ ಜೊತೆ ತಾಳೆ ನೋಡು. ಎಷ್ಟು ಹೊತ್ತು ಹಿಡಿಯಿತು ಅಂತ ಗಡಿಯಾರ ನೋಡಿ ಬರೆದಿಡು. ಹಸಿರು ಟಿಕ್ ಬಿದ್ದಿದೆ, ಆದರೆ ಮೂರು ತಿಂಗಳಿಂದ ಖಾಲಿ ಫೋಲ್ಡರನ್ನೇ ನಕಲು ಮಾಡುತ್ತಿತ್ತು ಅನ್ನುವುದು ಹೀಗೆ ತೆರೆದು ನೋಡಿದಾಗ ಮಾತ್ರ ಗೊತ್ತಾಗುತ್ತದೆ. ಟ್ಯಾಲಿಗೆ ವಾಲ್ಟ್ ಪಾಸ್‌ವರ್ಡ್ ಹಾಕಿದ್ದರೆ ಅದನ್ನು ಕಾಗದದಲ್ಲಿ ಬರೆದು, ಲಕೋಟೆಯಲ್ಲಿ ಮುಚ್ಚಿ, ಸಹಿ ಮಾಡಿ ನಿಮ್ಮಪ್ಪನ ಲಾಕರ್‌ನಲ್ಲಿಡು. ಅದು ಮರೆತರೆ ಕಂಪನಿಯವರೂ ತೆರೆದುಕೊಡಲಾರರು.

ಇನ್ನು ಹೆಚ್ಚಿನವರಿಗೆ ಹೊಳೆಯದ್ದೊಂದು ಇದೆ. ಸಿಎನ್‌ಸಿ ಮಷಿನ್‌ಗಳೂ ಕಂಪ್ಯೂಟರ್‌ಗಳೇ ಅಮ್ಮ. ಫ್ಯಾನುಕ್ ಕಂಟ್ರೋಲ್ ಇರುವ ಹಲವು ಮಷಿನ್‌ಗಳಲ್ಲಿ ಪ್ಯಾರಾಮೀಟರ್, ಪ್ರೋಗ್ರಾಂ, ಆಫ್‌ಸೆಟ್ ಎಲ್ಲ ಒಂದು ಸಣ್ಣ ಬ್ಯಾಟರಿಯ ಬಲದಿಂದ ಮೆಮೊರಿಯಲ್ಲಿ ಉಳಿದಿರುತ್ತವೆ. ಬ್ಯಾಟರಿ ಸೋತಾಗ ಸ್ಕ್ರೀನಿನ ಕೆಳಗೆ ‘ಬ್ಯಾಟ್’ ಅಂತ ಮಿನುಗಲು ಶುರುವಾಗುತ್ತದೆ. ಉತ್ಪಾದನೆ ನಡೆಯುತ್ತಲೇ ಇರುವುದರಿಂದ ಆಪರೇಟರ್ ಸುಮ್ಮನಿರುತ್ತಾನೆ. ದಸರೆಯಲ್ಲಿ ಆಯುಧಪೂಜೆ ಮುಗಿಸಿ ಮೇನ್ ಆಫ್ ಮಾಡಿ ನಾಲ್ಕು ದಿನ ರಜೆ ಹೋಗಿ ಬಂದರೆ ಮಷಿನ್ ತನ್ನನ್ನೇ ಮರೆತು ಕೂತಿರುತ್ತದೆ. ಬ್ಯಾಟರಿಯನ್ನು ಮಷಿನ್ ಆನ್ ಇರುವಾಗಲೇ ಬದಲಿಸಬೇಕು, ಆಫ್ ಮಾಡಿ ತೆಗೆದರೆ ಅಲ್ಲಿಗೆ ಮುಗಿಯಿತು. ಪ್ರತಿ ಮಷಿನ್‌ನ ಪ್ಯಾರಾಮೀಟರ್‌ಗಳನ್ನು ಮೆಮೊರಿ ಕಾರ್ಡ್‌ಗೆ ಇಳಿಸಿ, ಮಷಿನ್ ನಂಬರ್, ತಾರೀಕು ಬರೆದು ಸರ್ವರ್‌ನಲ್ಲಿ ಒಂದು ಫೋಲ್ಡರ್ ಮಾಡು. ಸರ್ವಿಸ್ ಎಂಜಿನಿಯರ್ ಬಂದು ಏನಾದರೂ ಬದಲಿಸಿದ ದಿನ ಹೊಸ ಪ್ರತಿ ತೆಗೆ. ಫೋರ್‌ಮನ್‌ರನ್ನು ಕೇಳಿಕೊಂಡು ಮಾಡು, ಆ ಮಷಿನ್‌ಗಳ ಸ್ವಭಾವ ಅವರಷ್ಟು ಯಾರಿಗೂ ಗೊತ್ತಿಲ್ಲ.

ಮಷಿನ್‌ಗಳನ್ನು ಆಫೀಸಿನ ನೆಟ್‌ವರ್ಕ್‌ನಿಂದ ಬೇರೆ ಮಾಡಿಸು. 2018ರ ಆಗಸ್ಟ್‌ನಲ್ಲಿ ತೈವಾನಿನ ಟಿಎಸ್‌ಎಂಸಿ, ಬೇರೆ ಕಂಪನಿಗಳಿಗೆ ಚಿಪ್ ಮಾಡಿಕೊಡುವ ಜಗತ್ತಿನ ಅತಿದೊಡ್ಡ ತಯಾರಕರು, ಹೊಸ ಯಂತ್ರವೊಂದಕ್ಕೆ ಸಾಫ್ಟ್‌ವೇರ್ ಹಾಕುವಾಗ ವೈರಸ್ ತಪಾಸಣೆ ತಪ್ಪಿಹೋದದ್ದರಿಂದ ಹಲವು ಘಟಕಗಳಲ್ಲಿ ಉತ್ಪಾದನೆ ನಿಲ್ಲಿಸಬೇಕಾಯಿತು. ಒಳಬಂದ ವೈರಸ್ ಹಿಂದಿನ ವರ್ಷ ಮೇ ತಿಂಗಳಲ್ಲಿ ಜಗತ್ತನ್ನೆಲ್ಲ ಕಾಡಿದ ವನ್ನಾಕ್ರೈನ ತಳಿ. ಅದಕ್ಕೆ ಮೈಕ್ರೋಸಾಫ್ಟ್ 2017ರ ಮಾರ್ಚ್‌ನಲ್ಲೇ ಅಪ್‌ಡೇಟ್ ಕೊಟ್ಟಿತ್ತು. ನಿಮ್ಮಲ್ಲಿ ಅಷ್ಟು ದೊಡ್ಡ ಬಾಗಿಲಿಲ್ಲ, ಆದರೆ ಪೆನ್ ಡ್ರೈವ್ ಇದೆ. ಮಷಿನ್‌ಗೆಂದೇ ಎರಡು ಪೆನ್ ಡ್ರೈವ್ ಕೊಳ್ಳು, ಬಣ್ಣ ಬಳಿದು ಕೊಡು, ಮನೆಯ ಸಿನಿಮಾ ಹಾಡು ಅದರಲ್ಲಿ ಬರಬಾರದು. ಎಎಂಸಿಯವರು ದೂರದಿಂದ ಸಿಸ್ಟಮ್ ತೆರೆಯಲು ಹಾಕಿದ ಸಾಫ್ಟ್‌ವೇರ್ ಸದಾ ತೆರೆದಿರುವುದು ಬೇಡ. ಅವರು ಫೋನ್ ಮಾಡಿದಾಗ ನೀನು ಒಪ್ಪಿಗೆ ಕೊಡುವ ಹಾಗಿರಲಿ.

ಫೋನು ಇಮೇಲ್‌ಗೆ ಕಾವಲಾಗುವ ಜಾಗವೂ ಇದೆ. ಸ್ಟೀಲ್ ಸಪ್ಲೈಯರ್‌ನಿಂದ ‘ನಮ್ಮ ಬ್ಯಾಂಕ್ ಖಾತೆ ಬದಲಾಗಿದೆ, ಇನ್ನು ಇದಕ್ಕೆ ಕಳಿಸಿ’ ಅಂತ ಇಮೇಲ್ ಬಂದರೆ, ಲೆಟರ್‌ಹೆಡ್ ಸರಿಯಿದ್ದರೂ, ಹಳೆಯ ಮೇಲ್‌ನ ಉತ್ತರದಂತೆಯೇ ಬಂದಿದ್ದರೂ, ಹಣ ಹಾಕುವ ಮೊದಲು ಅವರ ಹಳೆಯ ನಂಬರ್‌ಗೆ ಕರೆ ಮಾಡಿ ಪರಿಚಿತ ದನಿಯಿಂದ ಕೇಳಿಕೊಳ್ಳಬೇಕು. ಆ ಮೇಲ್‌ನಲ್ಲಿ ಕೊಟ್ಟಿರುವ ನಂಬರ್‌ಗಲ್ಲ. ಹಣ ಹೋಗಿಬಿಟ್ಟಿದ್ದರೆ ನಾಚಿಕೊಂಡು ಕೂರದೆ ತಕ್ಷಣ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ, ಬ್ಯಾಂಕಿಗೆ ಕರೆ. ಮೊದಲ ಕೆಲವು ಗಂಟೆಯಲ್ಲಿ ಹಣ ತಡೆಹಿಡಿಯುವ ಅವಕಾಶ ಹೆಚ್ಚು. ಅಕೌಂಟ್ಸ್‌ನ ಹುಡುಗಿಗೆ ಮೊದಲೇ ಧೈರ್ಯ ಹೇಳಿಡು, ತಪ್ಪಾದರೆ ಬೈಯುವುದಿಲ್ಲ, ಮುಚ್ಚಿಟ್ಟರೆ ಮಾತ್ರ ಕಷ್ಟ ಅಂತ.

ಕೊನೆಗೆ ದುಡ್ಡಿನ ಮಾತು. ನಿಮ್ಮಪ್ಪನ ಹತ್ತಿರ ಹೋಗಿ ಫೈರ್‌ವಾಲ್, ಬ್ಯಾಂಡ್‌ವಿಡ್ತ್ ಅಂದರೆ ಅವರು ತಲೆಯಾಡಿಸಿ ಮುಂದಿನ ತಿಂಗಳು ನೋಡೋಣ ಅನ್ನುತ್ತಾರೆ. ಗಾಡಿ ಒಂದು ದಿನ ಹೊರಡದಿದ್ದರೆ ಎಷ್ಟು ರೂಪಾಯಿಯ ಮಾಲು ನಿಲ್ಲುತ್ತದೆ, ಗಿರಾಕಿಯ ಲೈನ್ ನಿಂತರೆ ಎಷ್ಟು ಡೆಬಿಟ್ ನೋಟ್ ಬರುತ್ತದೆ ಅಂತ ಒಂದು ಹಾಳೆಯಲ್ಲಿ ಬರೆದುಕೊಂಡು ಹೋಗು, ಅವರು ಐವತ್ತು ವರ್ಷದ ಲೆಕ್ಕದ ಮನುಷ್ಯ, ಕೂಡಲೇ ಹಿಡಿಯುತ್ತಾರೆ. ಮೊದಲು ಯುಪಿಎಸ್ ಬ್ಯಾಟರಿಗಳಿಗೆ ಕೇಳು. ಆಮೇಲೆ ಬ್ಯಾಕಪ್ ಡಿಸ್ಕ್ ಎರಡು, ಬೇರೆ ಕಂಪನಿಯದೊಂದು ಎರಡನೇ ಇಂಟರ್ನೆಟ್. ಅದಾದ ಮೇಲೆ ವಿಂಡೋಸ್ 10ರಲ್ಲೇ ಇರುವ ಸಿಸ್ಟಮ್‌ಗಳು, ಏಕೆಂದರೆ 2025ರ ಅಕ್ಟೋಬರ್ 14ಕ್ಕೆ ಅದರ ಮಾಮೂಲಿ ಅಪ್‌ಡೇಟ್ ನಿಂತಿದೆ. ಬ್ಯಾಂಕಿನ ಕೆಲಸ ಮಾಡುವ ಸಿಸ್ಟಮ್ ಮೊದಲು ಬದಲಾಗಲಿ. ಹೊಸ ಸರ್ವರ್ ಬೇಕು ಅಂತ ಮಾರುವವರು ದಿನಾ ಫೋನ್ ಮಾಡುತ್ತಾರೆ, ಮಾಡಲಿ. ಇವೆಲ್ಲ ಆದ ಮೇಲೆ ಅವರ ಕೊಟೇಶನ್ ತೆಗೆದುಕೊಂಡು ನನ್ನ ಹತ್ತಿರ ಬಾ, ಕೂತು ನೋಡೋಣ.