ರೌಂಡ್ಸ್‌ಗೆ ಬಂದವರು ಡಾಕ್ಟರೇ?

ಪ್ರಶ್ನೆ: ನಮ್ಮ ಮಾವನವರಿಗೆ ಬೈಪಾಸ್ ಆಪರೇಷನ್ ಆಯಿತು. ದಿನಾ ಬೆಳಿಗ್ಗೆ ಸಂಜೆ ಬಂದು ಗಾಯ ನೋಡಿ, ಡಿಸ್ಚಾರ್ಜ್ ದಿನ ಎಲ್ಲವನ್ನೂ ಬಿಡಿಸಿ ಹೇಳಿದವರು ‘ಫಿಜಿಷಿಯನ್ ಅಸಿಸ್ಟೆಂಟ್’ ಅಂತೆ. ಸರ್ಜನ್ ಬಂದು ನಿಂತದ್ದು ಸ್ವಲ್ಪವೇ ಹೊತ್ತು. ಇವರು ಡಾಕ್ಟರೇ? ಇವರ ಮಾತನ್ನು ನಂಬಬಹುದೇ?
– ಓದುಗರು, ವಿಜಯನಗರ, ಬೆಂಗಳೂರು

ಉತ್ತರ: ಕೇಳಿದ್ದು ಒಳ್ಳೆಯದಾಯಿತು. ಕೊರಳಲ್ಲಿ ಸ್ಟೆತಾಸ್ಕೋಪ್ ಹಾಕಿಕೊಂಡು ಬಂದವರನ್ನೆಲ್ಲ ನಾವು ಡಾಕ್ಟರ್ ಎಂದೇ ಕರೆಯುತ್ತೇವೆ. ಹಾಗಾಗಿ ಈ ಗೊಂದಲ ಸಹಜ.

ಮೊದಲು, ಅವರು ಯಾರು ಎಂಬುದು. ಅವರು ಎಂಬಿಬಿಎಸ್ ಓದಿದ ವೈದ್ಯರಲ್ಲ. ಸಾಮಾನ್ಯವಾಗಿ ಇಂಟರ್ನ್‌ಶಿಪ್ ಸೇರಿ ನಾಲ್ಕು ವರ್ಷದ ಪದವಿ ಪಡೆದು, ವೈದ್ಯರ ಕೈಕೆಳಗೆ ಕೆಲಸ ಮಾಡುವವರು. ಅಮೆರಿಕದ ಡ್ಯೂಕ್ ವಿಶ್ವವಿದ್ಯಾಲಯದಲ್ಲಿ 1965ರಲ್ಲಿ ಶುರುವಾದ ಈ ಶಿಕ್ಷಣವನ್ನು ಭಾರತದಲ್ಲಿ ಆರಂಭಿಸಿದವರು ಹೃದ್ರೋಗ ಶಸ್ತ್ರಚಿಕಿತ್ಸಕ ಡಾ. ಕೆ. ಎಂ. ಚೆರಿಯನ್, 1992ರಲ್ಲಿ, ಚೆನ್ನೈನ ಮದ್ರಾಸ್ ಮೆಡಿಕಲ್ ಮಿಷನ್‌ನಲ್ಲಿ. ನಮ್ಮ ಮಣಿಪಾಲದಲ್ಲೂ ಈ ಕೋರ್ಸ್ ಇದೆ. 2021ರ ಕೇಂದ್ರ ಕಾಯ್ದೆಯೊಂದು ಇದನ್ನು ಆರೋಗ್ಯ ವೃತ್ತಿಗಳ ಪಟ್ಟಿಗೆ ಸೇರಿಸಿದೆ.

ಎರಡನೆಯದು, ಅವರ ಕೆಲಸ. ರೋಗಿಯ ಹಿಂದಿನ ಕಾಯಿಲೆ, ನುಂಗುತ್ತಿರುವ ಮಾತ್ರೆಗಳನ್ನು ಕೇಳಿ ಕೇಸ್ ಶೀಟ್‌ನಲ್ಲಿ ಬರೆಯುವುದು, ಥಿಯೇಟರ್‌ನಲ್ಲಿ ಸರ್ಜನ್‌ಗೆ ನೆರವಾಗುವುದು, ವಾರ್ಡಿನಲ್ಲಿ ದಿನವೂ ಪರೀಕ್ಷಿಸಿ ವರದಿ ಒಪ್ಪಿಸುವುದು. ನಿಮ್ಮ ಮಾವನವರ ಮೊಣಕಾಲಿನ ಕೆಳಗೆ ಹೆಬ್ಬೆರಳಿನಿಂದ ಒತ್ತಿ ನೋಡಿರಬಹುದು. ಒತ್ತಿದ ಜಾಗದಲ್ಲಿ ಗುಳಿ ಹಾಗೇ ಉಳಿದರೆ ಕಾಲಿನಲ್ಲಿ ನೀರು ತುಂಬಿದೆ ಎಂದರ್ಥ. ಬೈಪಾಸ್‌ಗೆ ಕಾಲಿನ ರಕ್ತನಾಳ ತೆಗೆದಿದ್ದರೆ ಆ ಗಾಯವನ್ನೂ ನೋಡಬೇಕು. ಇಂಥ ಬದಲಾವಣೆ ಬೇಗ ಗೊತ್ತಾಗುವುದು ದಿನವೂ ಬಂದು ನೋಡುವವರಿಗೇ.

ಇಲ್ಲಿ ಒಂದು ವಿಷಯ ಸ್ಪಷ್ಟವಾಗಲಿ. ಡ್ಯೂಟಿ ಡಾಕ್ಟರ್ ಬೇರೆ, ಇವರು ಬೇರೆ. ಡ್ಯೂಟಿ ಡಾಕ್ಟರ್ ನೋಂದಾಯಿತ ವೈದ್ಯರು. ಫಿಜಿಷಿಯನ್ ಅಸಿಸ್ಟೆಂಟ್ ಸ್ವಂತವಾಗಿ ಕ್ಲಿನಿಕ್ ಇಟ್ಟು ಚಿಕಿತ್ಸೆ ಕೊಡುವಂತಿಲ್ಲ. ಔಷಧ ಚೀಟಿಗೆ ನೋಂದಾಯಿತ ವೈದ್ಯರ ಸಹಿಯೇ ಬೇಕು. ಈ ಗೊಂದಲ ನಮ್ಮಲ್ಲಿ ಮಾತ್ರ ಇಲ್ಲ. ಬ್ರಿಟನ್‌ನಲ್ಲಿಯೂ ಅನೇಕ ರೋಗಿಗಳು ಇವರನ್ನು ಡಾಕ್ಟರ್ ಎಂದೇ ತಿಳಿದಿದ್ದರು. ಅಲ್ಲಿ ಪ್ರೊ. ಜಿಲಿಯನ್ ಲೆಂಗ್ 2025ರಲ್ಲಿ ಕೊಟ್ಟ ವರದಿ, ಉಡುಪು ಮತ್ತು ಬ್ಯಾಡ್ಜ್ ನೋಡಿದೊಡನೆ ವ್ಯತ್ಯಾಸ ತಿಳಿಯುವಂತಿರಬೇಕು ಎಂದು ಶಿಫಾರಸು ಮಾಡಿತು.

ಇನ್ನು ನಂಬಿಕೆಯ ವಿಚಾರ. ಗಾಯದ ಆರೈಕೆ, ಊಟ, ನಡಿಗೆ, ಮಾತ್ರೆಯ ಹೊತ್ತು – ಇವುಗಳ ಬಗ್ಗೆ ಅವರು ಹೇಳಿದ್ದನ್ನು ಧೈರ್ಯವಾಗಿ ಪಾಲಿಸಿ. ಬಿಡುವು ಮಾಡಿಕೊಂಡು ವಿವರಿಸುವುದು ಅವರ ಕೆಲಸದ ಭಾಗವೇ. ಆದರೆ ಹೊಸದಾಗಿ ಎದೆನೋವು, ಉಸಿರಾಟದ ತೊಂದರೆ ಕಾಣಿಸಿದರೆ, ಮಾತ್ರೆ ಬದಲಿಸುವ ಅಥವಾ ನಿಲ್ಲಿಸುವ ಮಾತು ಬಂದರೆ, “ಇದನ್ನು ಡಾಕ್ಟರು ನೋಡಿದ್ದಾರೆಯೇ?” ಎಂದು ಕೇಳಿ. ಆರೈಕೆ ಮಾಡುವವರು ಯಾರು, ಹೊಣೆ ಯಾವ ವೈದ್ಯರದು ಎಂದು ತಿಳಿಯುವುದು ನಿಮ್ಮ ಹಕ್ಕು. ರಾಷ್ಟ್ರೀಯ ಮಾನವ ಹಕ್ಕುಗಳ ಆಯೋಗ ಸಿದ್ಧಪಡಿಸಿದ ರೋಗಿಗಳ ಹಕ್ಕುಗಳ ಸನ್ನದಿನಲ್ಲಿ ಇದೂ ಸೇರಿದೆ. ಹಾಗೆ ಕೇಳಿದರೆ ಯಾರಿಗೂ ಅಗೌರವವಾಗುವುದಿಲ್ಲ.

ಮುಂದಿನ ಚೆಕಪ್‌ಗೆ ಹೋಗುವಾಗ ಡಿಸ್ಚಾರ್ಜ್ ಸಮ್ಮರಿ ಜೊತೆಗಿರಲಿ, ಸರ್ಜನ್ ಹತ್ತಿರ ಕೇಳಬೇಕಾದ ಮೂರ್ನಾಲ್ಕು ಪ್ರಶ್ನೆಗಳನ್ನು ಮೊದಲೇ ಬರೆದಿಟ್ಟುಕೊಳ್ಳಿ. ಮಾವನವರು ಬೇಗ ಚೇತರಿಸಿಕೊಳ್ಳಲಿ.