ಹೊಳೆದಂಡೆಯಲ್ಲಿ ಪಳೆಯುಳಿಕೆ ಹುಡುಕುವ ಬಗೆ

ಗೋಕಾಕದ ಸುತ್ತ ಒಂದು ಕಾಲಕ್ಕೆ ಘೇಂಡಾಮೃಗ ಮೇಯುತ್ತಿತ್ತು ಎಂದರೆ ಹೊಸಬರು ನಂಬುವುದಿಲ್ಲ. ಭೂವಿಜ್ಞಾನಿ ರಾಬರ್ಟ್ ಬ್ರೂಸ್ ಫೂಟ್ ಅಲ್ಲಿನ ಹಳ್ಳವೊಂದರ ದಂಡೆಯಲ್ಲಿ ಅದರ ಹಲ್ಲು, ಎಲುಬು ಕಂಡು 1874ರಲ್ಲಿ ‘ರೈನೋಸೆರಸ್ ಡೆಕ್ಕನೆನ್ಸಿಸ್’ ಎಂದು ಹೆಸರಿಟ್ಟು ವಿವರಿಸಿದರು.

ಆದರೆ ಅಲ್ಲಿನ ಘಟಪ್ರಭಾ ನದಿಯ ಬಂಡೆಗಳನ್ನು ನೋಡಿ ಆಸೆಪಡಬೇಡಿ. ಗೋಕಾಕ ಜಲಪಾತದ ಮರಳುಗಲ್ಲು ಭೂಮಿಯ ಮೇಲೆ ಎಲುಬಿನ ಪ್ರಾಣಿಗಳೇ ಇಲ್ಲದಿದ್ದ ಕಾಲದ್ದು. ಪಡುವಣದ ಕರಿಗಲ್ಲು ಲಾವಾ ಆರಿ ಆದದ್ದು. ನಮಗೆ ಬೇಕಾದದ್ದು ಅವುಗಳ ಮೇಲೆ ನದಿಯೇ ತೀರ ಈಚೆಗೆ ಹಾಸಿದ ಗರಸು, ಜೇಡಿಯ ಪದರ.

ಊರ ಮುಂದಿನ ದಂಡೆಗಿಂತ ಜನ ಸುಳಿಯದ ತಿರುವುಗಳೇ ಮೇಲು. ಉಸುಕು ತೆಗೆದಲ್ಲಿ ಪದರವೇ ಉಳಿದಿರುವುದಿಲ್ಲ. ಊರ ಹತ್ತಿರ ಸತ್ತ ದನಗಳ ಎಲುಬು ದಾರಿ ತಪ್ಪಿಸುತ್ತದೆ. ತಿರುವಿನ ಹೊರಮಗ್ಗುಲನ್ನು ನೆರೆ ಪ್ರತಿವರ್ಷ ಕೊರೆಯುವುದರಿಂದ ಅಲ್ಲಿ ಹೊಸ ಗೋಡೆ ತೆರೆದಿರುತ್ತದೆ. ಮಳೆಗಾಲ ಮುಗಿದು ನೀರು ಇಳಿದ ಮೇಲೆ ಹೋಗಿ, ಬೆಳಗಿನ ಓರೆ ಬಿಸಿಲಲ್ಲಿ ಆ ಗೋಡೆಯ ಬುಡವನ್ನು ನಿಧಾನವಾಗಿ ನೋಡಿ. ಹೊಸಬರು ಓಡಾಡುವುದು ಹೆಚ್ಚು, ನೋಡುವುದು ಕಡಿಮೆ.

ಸುಣ್ಣದ ಹರಳುಗಳು ಎಲುಬಿನಂತೆಯೇ ಕಂಡು ಮೋಸ ಮಾಡುತ್ತವೆ. ಮುರಿದ ತುದಿ ನೋಡಿ: ಎಲುಬಾದರೆ ಒಳಗೆ ಜಾಲರಿಯಂಥ ಸಣ್ಣ ತೂತುಗಳು, ಹೊರಗೆ ಗಟ್ಟಿ ಕವಚ. ಹಳೆಯದಾಗಿ ಖನಿಜ ತುಂಬಿದ್ದರೆ ಕೈಗೆ ಭಾರ; ಬೆರಳುಗುರಿನಿಂದ ತಟ್ಟಿದರೆ ಕಲ್ಲಿನ ಸದ್ದು. ಹಲ್ಲು ಗುರುತಿಸುವುದು ಇನ್ನೂ ಸುಲಭ. ಆನೆಯ ದವಡೆ ಹಲ್ಲಿನ ಅಗಿಯುವ ಮೈಯಲ್ಲಿ ಅಡ್ಡ ಪಟ್ಟಿಗಳು ಸಾಲಾಗಿ ಎದ್ದಿರುತ್ತವೆ. ಒಮ್ಮೆ ನೋಡಿದವರು ಮರೆಯುವುದಿಲ್ಲ.

ಬುಡ ಕೊರೆದ ದಂಡೆಯ ಕೆಳಗೆ ಕೂರಬೇಡಿ, ಅದು ಹೇಳದೆ ಕುಸಿಯುತ್ತದೆ. ನದಿಯ ಮೇಲ್ಗಡೆಯ ಹಿಡಕಲ್ ಜಲಾಶಯದಿಂದ ನೀರು ಬಿಡುತ್ತಾರೆಯೇ ಎಂದು ಕೇಳಿಕೊಂಡೇ ಹೊಳೆಗೆ ಇಳಿಯಿರಿ. ಒಬ್ಬರೇ ಹೋಗಬೇಡಿ.

ಏನಾದರೂ ಕಂಡರೆ ಕೀಳಬೇಡಿ. ನರ್ಮದಾ ದಂಡೆಯ ಹಥ್ನೋರಾದಲ್ಲಿ 1982ರಲ್ಲಿ ಭೂವಿಜ್ಞಾನಿ ಅರುಣ್ ಸೊನಾಕಿಯಾ ಅವರಿಗೆ ಆದಿಮಾನವನ ತಲೆಬುರುಡೆ ಸಿಕ್ಕಿತು. ಅದು ಯಾವ ಗರಸಿನ ಪದರದಲ್ಲಿತ್ತು ಎಂಬುದು ಗೊತ್ತಿದ್ದುದರಿಂದಲೇ ಅದರ ವಯಸ್ಸಿನ ಚರ್ಚೆ ಸಾಧ್ಯವಾಯಿತು. ಜೇಬಿಗೆ ಹಾಕಿಕೊಂಡು ತಂದ ಹಲ್ಲು ಬರಿ ಅಲಂಕಾರದ ವಸ್ತು. ಪಕ್ಕದಲ್ಲಿ ಪೆನ್ನೊಂದನ್ನು ಅಳತೆಗೆ ಇಟ್ಟು ಫೋಟೋ ತೆಗೆಯಿರಿ, ಮೊಬೈಲಿನಲ್ಲಿ ಜಾಗ ಗುರುತಿಸಿ, ಹತ್ತಿರದ ವಿಶ್ವವಿದ್ಯಾಲಯದ ಭೂವಿಜ್ಞಾನ ವಿಭಾಗಕ್ಕೆ ತಿಳಿಸಿ. ಮುಂದಿನ ನೆರೆಗೆ ಮುಂಚೆ ತಿಳಿಸಿ.